ಲಾಟರ್ ಅಂದರೆ

ಲೋಟದ ಅಂಚಿನ ಮೇಲೆ ಒಂದು ಜೇನುಹುಳ ನಡೆಯುತ್ತಿದೆ, ಒಂದು ಸುತ್ತು ಮುಗಿಸಿ ಮತ್ತೆ ಅದೇ ಸುತ್ತು, ತೋಟವೆಲ್ಲ ಹೂ ಬಿಟ್ಟು ಬೆಳ್ಳಗೆ ನಿಂತಿರುವಾಗ ಜಗಲಿಯ ಮೇಲೆ ಆರಿಹೋದ ಈ ರಾಗಿಗಂಜಿಯಲ್ಲಿ ಏನು ಕಂಡು ಬಂತೋ — ಬೀ, ಅಂದಳು ಚಂದ್ರಿಕಾ. ಎದುರಿನ ಬೆತ್ತದ ಕುರ್ಚಿಯಲ್ಲಿ ದೇವೇಂದ್ರ ತಲೆ ಎತ್ತಿದ. ಬೀ ಅಂದರೆ ಜೇನುಹುಳ, ಈಗ ನೀವು ಹೇಳಿ, ಬೀಗೆ ಪ್ರಾಸ ಯಾವುದು. ಅವನ ತುಟಿಯ ಎಡಗಡೆ ಅಲ್ಲಾಡಿತು, ಬಲಗಡೆ ಜೋತುಬಿದ್ದದ್ದು ಹಾಗೇ ಇತ್ತು, ಟ್... ಟ್... ಅಂತ ನಾಲಿಗೆ ಹಲ್ಲಿಗೆ ಬಡಿಯಿತು, ಅವಳು ಕಾಯುತ್ತಾ ಕೂತಳು, ಸಹಾಯ ಮಾಡಲಿಲ್ಲ, ಮೊದಲ ಅಕ್ಷರ ಎತ್ತಿಕೊಡಿ ಅಂತ ಡಾಕ್ಟರಮ್ಮ ಹೇಳಿದ್ದರೂ ಎತ್ತಿಕೊಡಲಿಲ್ಲ, ಹಣೆಯ ಮೇಲೆ ಬೆವರು ಮೂಡುವುದನ್ನು ನೋಡಿದಳು — ಟೀ. ಹೂಂ. ಅರ್ಥ? ಅವನ ಎಡಗೈ ಮೆಲ್ಲಗೆ ಮೇಲೆದ್ದು ಕೈಯಲ್ಲಿಲ್ಲದ ಕಪ್ಪನ್ನು ಬಾಯಿಯ ತನಕ ತಂದಿತು. ಸರಿ. ಇನ್ನೊಂದು. ವೈಫ್. ಅವನು ಅವಳನ್ನು ನೋಡಿದ. ವೈಫ್ ಅಂದರೆ ಹೆಂಡತಿ, ನಾನು, ಅಂದಳು, ಪ್ರಾಸ ಹೇಳಿ. ನ್... ನೈಫ್. ಭಲೇ, ಅರ್ಥ? ಚಾಕುವಿನಿಂದ ಕುಯ್ಯುವ ಹಾಗೆ ಗಾಳಿಯಲ್ಲಿ ಕೈ ಆಡಿಸಿದ, ಪಾಪ, ಅಂತ ಯಾರಾದರೂ ಅಂದುಕೊಳ್ಳಬಹುದಿತ್ತು, ಅವಳು ಅಂದುಕೊಳ್ಳಲಿಲ್ಲ. ಬಾಯಲ್ಲಿ ಈಗಲೂ ನೀವು, ಬನ್ನಿ, ಹೇಳಿ. ಮನಸ್ಸಿನೊಳಗೆ ಮಾತ್ರ ಗಂಡ ಎಂದೋ ಅವರು ಹೋಗಿ ಅವನಾಗಿಬಿಟ್ಟಿದ್ದ, ಯಾವತ್ತಿನಿಂದ ಅಂತ ಕೇಳಿದರೆ ಅವಳಿಗೆ ಗೊತ್ತು.

ಕಾಫಿ ಕುಯ್ಲಿನ ಹೊತ್ತಿಗೆ ಅವನು ಬಿದ್ದದ್ದು, ಕಣದ ಹತ್ತಿರ, ತೋಟದ ಲೆಕ್ಕ ಬರೆಯುವ ರೈಟರ್ ರಾಮಯ್ಯನನ್ನು ಇಂಗ್ಲಿಷಿನಲ್ಲಿ ಬೈಯುತ್ತಾ ಬೈಯುತ್ತಾ ಅರ್ಧ ಪದಕ್ಕೇ ನಿಂತುಹೋದನಂತೆ, ರಾಮಯ್ಯ ಪೂರ್ತಿ ಬೈಸಿಕೊಳ್ಳೋಣ ಅಂತ ತಲೆ ತಗ್ಗಿಸಿ ಕಾಯುತ್ತಿದ್ದನಂತೆ, ಆಮೇಲೆ ನೋಡಿದರೆ ಸಾಹೇಬರು ಒಣಹಾಕಿದ ಹಣ್ಣಿನ ಮೇಲೆ ಮಗುಚಿಕೊಂಡಿದ್ದಾರೆ. ಹಾಸನದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಲಕ್ವ ಹೊಡೆದು ಬಲಗೈ ಬಲಗಾಲು ಹೋಯಿತು, ಮಾತೂ ಹೋಯಿತು. ಬುದ್ಧಿ ಹೋಗಿಲ್ಲ ಮೇಡಮ್, ಎಲ್ಲಾ ಅರ್ಥ ಆಗುತ್ತೆ ಅವರಿಗೆ, ಪದ ಹುಡುಕೋ ದಾರಿ ಮಾತ್ರ ಕಟ್ಟಿದೆ, ಅಂದಿದ್ದಳು ಮಾತು ಕಲಿಸುವ ಡಾಕ್ಟರು ತನುಜಾ, ಇನ್ನೂ ಚಿಕ್ಕ ವಯಸ್ಸಿನವಳು, ಕೆನ್ನೆಯಲ್ಲಿ ಗುಳಿ. ಪ್ರಾಸದ ಪದಗಳಿಂದ ಶುರು ಮಾಡೋಣ, ಒಂದು ಪದ ಇನ್ನೊಂದು ಪದದ ಕೈ ಹಿಡಿದುಕೊಂಡು ಬರುತ್ತೆ, ಮನೆಯಲ್ಲಿ ಯಾವ ಭಾಷೆ ಜಾಸ್ತಿ ಆಡ್ತಾರೆ? ಇಂಗ್ಲಿಷು, ಅಂದಿದ್ದಳು ಚಂದ್ರಿಕಾ ತಡಮಾಡದೆ. ಸುಳ್ಳೇನಲ್ಲ. ನಾಯಿಯ ಜೊತೆಗೂ ಇಂಗ್ಲಿಷ್ ಆಡುವವನು. ಹಾಗಾದರೆ ಇಂಗ್ಲಿಷಿನಲ್ಲೇ ಮಾಡಿಸಿ, ದಿನಾ ಬೆಳಿಗ್ಗೆ, ಪ್ರಾಸ ಹೇಳಿದ ಮೇಲೆ ಅರ್ಥವನ್ನೂ ಕೇಳಿ, ಬಾಯಿಯಿಂದ ಆಗದಿದ್ದರೆ ಕೈಯಲ್ಲಿ ತೋರಿಸಲಿ, ನಿಮಗೆ ಇಂಗ್ಲಿಷ್ ಬರುತ್ತಲ್ಲ ಮೇಡಮ್? ಗಾಲಿಕುರ್ಚಿಯಲ್ಲಿ ಕೂತಿದ್ದವನ ಕಣ್ಣು ಥಟ್ಟನೆ ಇವಳ ಕಡೆ ತಿರುಗಿತ್ತು, ಆ ಕಣ್ಣಿನಲ್ಲಿ ಏನಿತ್ತು ಅಂತ ಡಾಕ್ಟರಿಗೆ ಗೊತ್ತಾಗಲಿಲ್ಲ, ಇವಳಿಗೆ ಗೊತ್ತಾಯಿತು. ಬರುತ್ತೆ, ಅಂದಳು.

ಬರುತ್ತಿರಲಿಲ್ಲ. ಮಗ್ಗೆಯ ಕನ್ನಡ ಶಾಲೆ, ಆಲೂರಿನ ಕಾಲೇಜಿನಲ್ಲಿ ಪಿಯುಸಿ, ಓದಿಕೊಂಡು ಬರೆಯುವಷ್ಟು ಬರುತ್ತಿತ್ತು, ಬಾಯಿಬಿಟ್ಟು ಆಡುವಷ್ಟಲ್ಲ, ಆನೇಮಹಲ್‌ನ ಈ ಎಸ್ಟೇಟಿನಿಂದ ಹೆಣ್ಣು ನೋಡಲು ಬಂದಾಗ ಹುಡುಗಿ ಲಕ್ಷಣವಾಗಿದ್ದಾಳೆ, ಇಂಗ್ಲಿಷ್ ಏನು, ನಾನು ಕಲಿಸ್ತೀನಿ ಬಿಡಿ, ಅಂತ ಅವನೇ ಅಂದಿದ್ದ, ಅಪ್ಪಯ್ಯನಿಗೆ ಅದೇ ಹೆಮ್ಮೆ. ಮದುವೆಯಾಗಿ ವರ್ಷ ತುಂಬಿದ ದಿನ ಸಕಲೇಶಪುರದ ಕ್ಲಬ್ಬಿನಲ್ಲಿ ಊಟ, ಪಕ್ಕದ ತೋಟದ ಮಂಜುನಾಥ, ಅವನ ಹೆಂಡತಿ ಗಂಗಾಮಣಿ, ಇನ್ನೂ ಯಾರ್ಯಾರೋ, ಅವರೆಲ್ಲ ಸೇರಿ ಕೊಟ್ಟ ಶುಭಾಶಯದ ಕಾರ್ಡನ್ನು ನೀನೇ ಓದು ಚಂದ್ರಿ, ಜೋರಾಗಿ, ಅಂತ ಅವನು ಕೈಗಿಟ್ಟ. ನಿಮ್ಮ ಮನೆ ತುಂಬಾ ನಗು ತುಂಬಿರಲಿ ಅಂತ ಇಂಗ್ಲಿಷಿನಲ್ಲಿತ್ತು. ನಗು ಅನ್ನುವ ಪದದ ಹತ್ತಿರ ಬಂದು ಅವಳು ತಡೆದಳು, ಅವಳಿಗೆ ಅರ್ಥ ಗೊತ್ತಿತ್ತು, ಹೇಳುವುದು ಹೇಗೆ ಅಂತ ಗೊತ್ತಿರಲಿಲ್ಲ, ಯೋಚಿಸಿದಳು, ದಡ್ಡಿಯ ಹಾಗೆ ಹೇಳಿದ್ದಲ್ಲ ಅವಳು, ಮಗಳು ಅನ್ನುವುದಕ್ಕೆ ಡಾಟರ್, ಅದರ ಮೊದಲ ಅಕ್ಷರ ತೆಗೆದು ಇನ್ನೊಂದು ಇಟ್ಟರೆ ಇದು, ಮಿಕ್ಕದ್ದೆಲ್ಲ ಅದೇ ಅಕ್ಷರಗಳು, ಅದು ಡಾಟರ್ ಆದರೆ ಇದು ಲಾಟರ್ ತಾನೇ — ಲಾಟರ್, ಅಂತ ಓದಿದಳು. ಅವನು ಮೇಜು ಗುದ್ದಿ ನಕ್ಕ. ಅವನು ನಕ್ಕಿದ್ದೇ ಎಲ್ಲರೂ ನಕ್ಕರು, ಮಂಜುನಾಥ ಕುರ್ಚಿಯಿಂದ ಜಾರುವ ಹಾಗೆ ನಕ್ಕ, ಗಂಗಾಮಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಚಂದ್ರಿಕಾ ಕೂಡ ನಕ್ಕಳು, ಯಾಕೆ ಅಂತ ತಿಳಿಯದೆ, ಕಾರ್ಡು ಹಿಡಿದುಕೊಂಡು. ಮಿಸೆಸ್ ಲಾಟರ್, ಅಂತ ಯಾರೋ ಅಂದರು, ಅದು ಹತ್ತಿಕೊಂಡಿತು.

ಆವತ್ತೊಂದು ದಿನಕ್ಕೆ ಮುಗಿದಿದ್ದರೆ ಇವತ್ತು ಹೀಗೆ ಕೂತಿರುತ್ತಿರಲಿಲ್ಲವೇನೋ ಅವಳು — ಮುಗಿಯಲಿಲ್ಲ. ಯಾರೇ ಬರಲಿ, ಗ್ಲಾಸು ತುಂಬಿದ ಮೇಲೆ ಅವನಿಗೆ ಅದು ಬೇಕು, ಚಂದ್ರೀ ಬಾ ಇಲ್ಲಿ, ಡಾಟರ್‌ಗೆ ರೈಮ್ ಏನು ಹೇಳು ಇವರಿಗೆ, ಅವಳು ಲಾಟರ್ ಅನ್ನಬೇಕು, ಅರ್ಥ? ಅಂತ ಅವನು ಕೇಳಬೇಕು, ನಗು ಅಂತ ಅವಳು ಹೇಳಬೇಕು, ಅವರು ನಗಬೇಕು. ನೆಂಟರ ಮುಂದೆ, ಕಾಫಿ ವ್ಯಾಪಾರಿಗಳ ಮುಂದೆ, ಬ್ಯಾಂಕಿನವರ ಮುಂದೆ. ಅಪ್ಪಯ್ಯನ ಮುಂದೆ. ಅಪ್ಪಯ್ಯ ಭೂತಯ್ಯ ಹೊಸ ಆಲೂಗಡ್ಡೆಯ ಚೀಲ ಹೊತ್ತುಕೊಂಡು ಮಗ್ಗೆಯಿಂದ ಬಸ್ಸು ಬದಲಾಯಿಸಿ ಬಂದಿದ್ದ, ಇದೇ ಜಗಲಿಯ ತುದಿಯಲ್ಲಿ ಕೂತಿದ್ದ, ಕುರ್ಚಿ ಹಾಕಿದರೂ ಬೇಡ ಅಂದು, ಪಂಚೆ ಮಂಡಿಯ ಮೇಲೆ ಎಳೆದುಕೊಂಡು, ಒಳಗೆ ಅಳಿಯನ ಸ್ನೇಹಿತರು ಸೇರಿದ್ದರು. ಬಾ ಚಂದ್ರೀ, ಅಂದ ಅವನು. ಅವಳು ಕಣ್ಣಲ್ಲೇ ಬೇಡ ಅಂದಳು, ಇವತ್ತೊಂದು ದಿನ ಬೇಡ, ಅಪ್ಪಯ್ಯ ಇದಾನೆ, ಅಂತ; ಅವನಿಗೆ ಅರ್ಥವಾಯಿತು, ಅರ್ಥವಾದದ್ದಕ್ಕೇ ಇನ್ನೂ ಜೋರಾಗಿ ಕರೆದ. ಹೇಳಿದಳು. ನಕ್ಕರು. ಜಗಲಿಯ ತುದಿಯಿಂದ ಅಪ್ಪಯ್ಯನೂ ನಕ್ಕ, ಎಲೆಯಡಿಕೆಯ ಕೆಂಪು ಬಾಯಿ ಪೂರ್ತಿ ತೆರೆದು, ದೊಡ್ಡವರೆಲ್ಲ ನಗುತ್ತಿದ್ದಾರೆ ಅಂದರೆ ನನ್ನ ಮಗಳು ಏನೋ ಚೆಂದದ್ದು ಹೇಳಿರಬೇಕು ಅಂತ. ಬಸ್ಸು ಹತ್ತಿಸುವಾಗ ಕೇಳಿದ, ಅದೇನವ್ವಾ ನೀ ಹೇಳಿದ್ದು, ಅಂಗೆ ಬಿದ್ದು ಬಿದ್ದು ನಗಾಡ್ಬುಟ್ರಲ್ಲ ಎಲ್ಲಾರೂ, ನಿಂಗೆ ಇಂಗ್ಲೀಸು ಚೆನ್ನಾಗಿ ಬತ್ತೈತೆ ಬುಡು. ಹೂಂ ಅಪ್ಪಯ್ಯ, ಅಂದಳು. ಬಸ್ಸು ಹೋಯಿತು. ಮುಂದಿನ ಮಳೆಗಾಲದಲ್ಲಿ ಅಪ್ಪಯ್ಯ ತೀರಿಕೊಂಡ, ಅದನ್ನೇ ನಂಬಿಕೊಂಡು. ಅಪ್ಪಯ್ಯ ನಕ್ಕ ಆವತ್ತಿನಿಂದಲೇ ಅವಳ ಮನಸ್ಸಿನೊಳಗೆ ಗಂಡ ಅವರಲ್ಲ, ಅವನು.

ಕಲಿತಳು. ಅವನು ತೋಟಕ್ಕೆ ಹೋದ ಮಧ್ಯಾಹ್ನಗಳಲ್ಲಿ, ಮಗಳು ರಶ್ಮಿತಾಳ ಶಾಲೆಯ ಪುಸ್ತಕ ಇಟ್ಟುಕೊಂಡು, ಆಮೇಲೆ ಫೋನು ಬಂದ ಮೇಲೆ ಅದರಲ್ಲಿ ಪದ ಒತ್ತಿದರೆ ಹೆಂಗಸೊಬ್ಬಳು ಹೇಳಿಕೊಡುತ್ತಿದ್ದಳಲ್ಲ, ಅವಳ ಹಿಂದೆ ಹಿಂದೆ ಹೇಳುತ್ತಾ, ಅಡುಗೆಮನೆಯ ಬಾಗಿಲು ಹಾಕಿಕೊಂಡು. ಲಾಫ್ಟರ್. ಅದರ ಪ್ರಾಸ ಡಾಟರ್ ಅಲ್ಲ, ಆಫ್ಟರ್. ಆಫ್ಟರ್ ಅಂದರೆ ಆಮೇಲೆ. ಡಾಟರ್‌ಗೆ ವಾಟರ್, ನೀರು. ಡಾಟರ್‌ಗೆ ಸ್ಲಾಟರ್ — ಅದು ಕೇಳಿ ಫೋನು ಕೆಳಗಿಟ್ಟಿದ್ದಳು, ಸ್ಲಾಟರ್ ಅಂದರೆ ಕಡಿಯುವುದು, ಕುರಿ ಕಡಿದ ಹಾಗೆ, ಮಗಳು ಅನ್ನುವುದಕ್ಕೆ ಸರಿಯಾಗಿ ಹೊಂದುವ ಪ್ರಾಸ ಅದೇ ಅಂತೆ. ಕಣ್ಣಿಗೆ ಒಂದೇ ಥರ ಕಾಣುವುದು ಬಾಯಲ್ಲಿ ಒಂದಲ್ಲ, ಇಷ್ಟೇ ಗುಟ್ಟು, ಇಷ್ಟನ್ನು ಅವನು ಮೊದಲ ದಿನವೇ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಸರಿಯಾಗಿ ಗೊತ್ತಾದ ಮೇಲೂ ಅವಳು ಲಾಟರ್ ಅಂತಲೇ ಹೇಳುತ್ತಿದ್ದಳು, ವರ್ಷಗಟ್ಟಲೆ, ಅವರ ಮುಖ ನೋಡುತ್ತಾ, ಒಬ್ಬೊಬ್ಬರ ಹಲ್ಲನ್ನೂ ನೋಡುತ್ತಾ, ನಗಿ, ನಗಿ, ಇನ್ನೂ ನಗಿ. ರಶ್ಮಿತಾ ಕೂಡ ನಕ್ಕಿದ್ದಾಳೆ. ಶಾಲೆಯ ಮೀಟಿಂಗಿಗೆ ನೀನು ಬರಬೇಡಮ್ಮ, ಅಪ್ಪನೇ ಬರಲಿ, ಅಂದಿದ್ದಾಳೆ, ಯೂನಿಫಾರ್ಮಿನ ಟೈ ಬಿಗಿದುಕೊಳ್ಳುತ್ತಾ, ಕನ್ನಡಿಯಲ್ಲಿ ನೋಡುತ್ತಾ. ಈಗ ಹಾಸನದಲ್ಲಿ ದನದ ಡಾಕ್ಟರಿಕೆ ಓದುತ್ತಾಳೆ, ಭಾನುವಾರ ಬರುತ್ತಾಳೆ, ಅಪ್ಪನ ಉಗುರು ಕತ್ತರಿಸುತ್ತಾಳೆ, ಗಡ್ಡ ಮಾಡುತ್ತಾಳೆ, ಅಮ್ಮನ ಜೊತೆ ಮಾತು ಕಡಿಮೆ.

ಇವತ್ತು ಭಾನುವಾರ. ಹಿಂದಿನ ವಾರವೇ ಚಂದ್ರಿಕಾ ತಾನಾಗಿ ಮಂಜುನಾಥನಿಗೆ ಫೋನು ಮಾಡಿದ್ದಳು, ಬನ್ನಿ, ಇವರಿಗೂ ಬೇಜಾರು ಕಳೆಯುತ್ತೆ, ಊಟಕ್ಕೇ ಬನ್ನಿ, ಕ್ಲಬ್ಬಿನವರು ಬಂದರೆ ಅವರನ್ನೂ ಕರೆತನ್ನಿ. ಎರಡು ಜೀಪಿನಲ್ಲಿ ಬಂದರು. ಮನೆಗೆಲಸದ ಬಸಮ್ಮ ಹಿತ್ತಲ ಒಲೆಯ ಮೇಲೆ ಕೋಳಿ ಬೇಯಿಸುತ್ತಿದ್ದವಳು ಹೊರಗೆ ಇಣುಕಿ, ಅವ್ವಾರೇ, ಎಲ್ಲಾ ಬಂದ್ಬುಟ್ರು, ಅಯ್ಯಾರ್ಗೆ ಒಳ್ಳೆ ಶರಟು ಹಾಕ್ಸಾಣ್ವ, ಅಂದಳು. ಹಾಕು, ಆ ನೀಲಿದು, ಕ್ಲಬ್ಬಿಗೆ ಹಾಕುತ್ತಿದ್ದರಲ್ಲ, ಅದು. ಜಗಲಿಯಲ್ಲಿ ಸುತ್ತ ಕುರ್ಚಿ, ನಡುವೆ ಅವನು, ಹೂವಿನ ವಾಸನೆ ತಲೆ ನೋಯುವಷ್ಟು ದಟ್ಟ, ದೂರದ ಹೆದ್ದಾರಿಯಲ್ಲಿ ಲಾರಿ ಏರುವ ಸದ್ದು. ಏನ್ ಮಾರಾಯ ದೇವು, ಹಿಂಗಾಗ್ಬುಟ್ಟೆ, ನೀನಿಲ್ದೆ ಕ್ಲಬ್ಬು ಬಿಕೋ ಅಂತೈತೆ ಕಣೋ, ಅಂದ ಮಂಜುನಾಥ, ಅವನ ದನಿ ಒಡೆಯಿತು, ಗಂಗಾಮಣಿ ಕಣ್ಣೊರೆಸಿಕೊಂಡಳು, ಅಳಿ, ಅಂದುಕೊಂಡಳು ಚಂದ್ರಿಕಾ, ಮೊದಲು ಅಳಿ, ಕಾಫಿ ಕೊಟ್ಟಳು, ಕರಿದ ಹಪ್ಪಳ ಕೊಟ್ಟಳು, ತಾನೂ ಒಂದು ಕುರ್ಚಿ ಎಳೆದುಕೊಂಡು ಅವನ ಎದುರು ಕೂತಳು. ದಿನಾ ಇವರಿಗೆ ಇಂಗ್ಲಿಷ್ ಪ್ರಾಸ ಹೇಳಿಸ್ತೀನಿ, ಡಾಕ್ಟರು ಹೇಳಿದಾರೆ, ನೋಡ್ತೀರಾ? ಓಹೋ ಹೇಳ್ಸಿ ಅತ್ತಿಗೆ, ಅಂದ ಮಂಜುನಾಥ. ಅಮ್ಮಾ, ಅಂದಳು ಬಾಗಿಲಲ್ಲಿ ನಿಂತ ರಶ್ಮಿತಾ. ಅವಳಿಗೆ ತಿಳಿದುಹೋಗಿತ್ತು. ಅಮ್ಮಾ ಬೇಡ.

ಕ್ಯಾಟ್, ಅಂದಳು ಚಂದ್ರಿಕಾ. ಬ್... ಬ್ಯಾಟ್. ಎಲ್ಲರೂ ಚಪ್ಪಾಳೆ ತಟ್ಟಿದರು, ಮಗುವಿಗೆ ತಟ್ಟುವ ಹಾಗೆ, ಅವನ ಕಿವಿ ಕೆಂಪಾಯಿತು, ಆ ಕೆಂಪು ಅವಳಿಗೆ ಚೆನ್ನಾಗಿ ಗೊತ್ತು, ತನ್ನ ಕಿವಿಯೂ ಹಾಗೇ ಸುಡುತ್ತಿತ್ತು. ಫಾಲ್. ಬಾಲ್. ಅರ್ಥ? ಎಡಗೈ ಗುಂಡಗೆ ಮಾಡಿ ತೋರಿಸಿದ, ಎಂಜಲು ಬಲತುಟಿಯಿಂದ ನೀಲಿ ಶರಟಿನ ಮೇಲೆ ಇಳಿಯಿತು, ಬಸಮ್ಮ ಒರೆಸಲು ಬಂದಳು, ಇರು, ಅಂದಳು ಚಂದ್ರಿಕಾ, ಆಮೇಲೆ ಒರೆಸುವಂತೆ. ಈಗ ಇದನ್ನು ಹೇಳಿ ನೋಡೋಣ. ಡಾಟರ್. ಗಂಗಾಮಣಿಯ ಚಮಚ ಬಸಿಯ ಮೇಲೆ ಸದ್ದು ಮಾಡಿತು. ಮಂಜುನಾಥ ಕಾಲ ಮೇಲಿದ್ದ ಕಾಲು ಇಳಿಸಿದ. ಅಷ್ಟು ಜನರಲ್ಲಿ ಒಬ್ಬರೂ ಮರೆತಿರಲಿಲ್ಲ, ಅಷ್ಟು ಸಾಕಿತ್ತು ಅವಳಿಗೆ, ಅವರ ನೆನಪೇ ಸಾಕ್ಷಿ. ಅವನು ಅವಳನ್ನೇ ನೋಡಿದ, ಹಾಸನದ ಆಸ್ಪತ್ರೆಯಲ್ಲಿ ನೋಡಿದ ಹಾಗೆಯೇ. ವ್... ಅಂತ ಶುರುಮಾಡಿದ. ವಾಟರ್ ಬೇಡ, ಅಂದಳು ಅವಳು, ಅದು ದಿನಾ ಹೇಳ್ತೀರಿ, ಬೇರೆ ಹೇಳಿ. ಸ್ಲಾಟರ್ ಅವನಿಗೆ ಸಿಗುವುದಿಲ್ಲ, ಸ್ ಮುಂದೆ ಬಂದರೆ ಅವನ ನಾಲಿಗೆ ಮುರಿಯುತ್ತದೆ, ಇಡೀ ವಾರ ನೋಡಿದ್ದಾಳೆ, ಉಳಿದದ್ದು ಒಂದೇ, ಆ ಹಳ್ಳಕ್ಕೇ ಬೀಳಬೇಕು ಅವನು, ಇವರೆಲ್ಲರ ಮುಂದೆ, ಬಿದ್ದ ಮೇಲೆ ಹೇಳಬೇಕಾದ ಮಾತನ್ನೂ ಅವಳು ತಿದ್ದಿ ತಿದ್ದಿ ಇಟ್ಟುಕೊಂಡಿದ್ದಾಳೆ, ಲಾಟರ್ ಅನ್ನೋ ಪದವೇ ಇಂಗ್ಲಿಷಿನಲ್ಲಿಲ್ಲ ರೀ, ಅದು ಲಾಫ್ಟರ್, ಇಷ್ಟು ಓದಿದವರು ನೀವು, ಇಷ್ಟೂ ಗೊತ್ತಿಲ್ವಾ, ಅಂತ ಅವನ ದನಿಯಲ್ಲೇ, ಅವನ ನಗುವನ್ನೇ ನಕ್ಕು. ಹೇಳಿ, ಡಾಟರ್. ಅವನ ಕುತ್ತಿಗೆಯ ನರ ಉಬ್ಬಿತು. ಲ್... ಅಂದ. ಲ್... ಲಾ... ಲಾಟರ್.

ಮಂಜುನಾಥ ನಕ್ಕ. ಬೇಕೆಂದು ನಕ್ಕದ್ದಲ್ಲ, ಆ ಪದ ಕೇಳಿದರೆ ನಗುವುದು ಅವನ ಮೈಗೆ ಹತ್ತಿಹೋಗಿದೆ, ಸೀನು ಬಂದ ಹಾಗೆ ಹೊರಗೆ ಬಂತು, ಬಂದಷ್ಟೇ ಬೇಗ ನಿಂತಿತು. ಆಯಿತು, ಅಂದುಕೊಂಡಳು ಚಂದ್ರಿಕಾ, ಎದೆಯಲ್ಲಿ ಏನೋ ಬಿಚ್ಚಿಕೊಂಡಿತು, ಅಪ್ಪಯ್ಯಾ ನೋಡು, ಇನ್ನೊಂದೇ ಒಂದು ಉಳಿದಿದೆ, ಅದನ್ನೂ ಕೇಳಿಬಿಡುತ್ತೇನೆ, ಮುಂದಕ್ಕೆ ಬಾಗಿ ಮೆತ್ತಗೆ ಕೇಳಿದಳು: ಅರ್ಥ? ಅವನು ಯೋಚಿಸಿದ. ಕೀಟಲೆಯಿರಲಿಲ್ಲ ಆ ಮುಖದಲ್ಲಿ, ಅವಳು ಹುಡುಕಿದಳು, ಹಳೆಯ ಕೊಂಕು ಎಲ್ಲಾದರೂ ಇದ್ದರೆ ಸಿಗಲಿ ಅಂತ ಹುಡುಕಿದಳು, ಇರಲಿಲ್ಲ. ಉತ್ತರ ಗೊತ್ತಿರುವ ಹುಡುಗ ಮೇಷ್ಟರನ್ನು ನೋಡುವ ಹಾಗೆ ನೋಡುತ್ತಿದ್ದ. ಎಡಗೈ ತೊಡೆಯಿಂದ ಎದ್ದಿತು, ಬೆರಳು ಒಂದು ನೆಟ್ಟಗಾಯಿತು, ಅವಳ ಕಡೆಗೆ. ಚಂ... ಅಂದ. ಚಂ... ಚಂದ್ರಿ.

ಬಿದ್ದ ದಿನದಿಂದ ಆಡದ ಹೆಸರು. ಮಗಳ ಹೆಸರು ಬಂದಿತ್ತು, ನಾಯಿಯ ಹೆಸರು ಬಂದಿತ್ತು, ಇದು ಬಂದಿರಲಿಲ್ಲ. ಹೆಂಡ್ತಿ ಹೆಸ್ರು ಹೇಳ್ದ ಕಣ್ರೀ, ಅಂತ ಮಂಜುನಾಥ ಎದ್ದು ನಿಂತು ಕೂಗಿದ, ಅತ್ತಿಗೆ, ಕೇಳಿದ್ರಾ, ನಿಮ್ಮೆಸ್ರು ಹೇಳ್ಬುಟ್ಟ! ಗಂಗಾಮಣಿ ಬಂದು ಅವಳ ಭುಜ ತಬ್ಬಿದಳು, ನಿನ್ ಕಷ್ಟಕ್ಕೆ ದೇವ್ರು ಕಣ್ಬಿಟ್ಟ ಚಂದ್ರಿಕಾ, ಅಂದಳು ಅಳುತ್ತಾ, ಯಾರೋ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದರು, ಇನ್ನೊಂದ್ಸಲ ಹೇಳ್ಸಿ, ಇನ್ನೊಂದ್ಸಲ. ಚಂದ್ರಿ, ಅಂದ ಅವನು, ಬೆರಳು ಅವಳ ಕಡೆಗೆ. ಲಾಟರ್ ಅನ್ನೋ ಪದವೇ ಇಲ್ಲ, ಅಂದಳು ಚಂದ್ರಿಕಾ, ಗಟ್ಟಿಯಾಗಿಯೇ ಅಂದಳು, ಅದು ಲಾಫ್ಟರ್, ಅಂದಳು, ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಿದ ಹಾಗೆ ಕಾಣಲಿಲ್ಲ. ಇಲ್ಲದ ಪದಕ್ಕೆ ಅರ್ಥ ಹೇಗಿರುತ್ತದೆ, ಇದೆಯಲ್ಲ, ಅವನಿಗೆ ಗೊತ್ತಿರುವ ಅರ್ಥ ಒಂದೇ, ಲಾಟರ್ ಅಂದರೆ ಚಂದ್ರಿ, ಅದನ್ನೇ ಹೇಳಿದ, ಸುಳ್ಳು ಹೇಳಲಿಲ್ಲ. ರಶ್ಮಿತಾ ಒಬ್ಬಳೇ ಚಪ್ಪಾಳೆ ತಟ್ಟಲಿಲ್ಲ. ಬಂದು ಅಪ್ಪನ ಎದುರು ಮಂಡಿಯೂರಿ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಟ್ಟಳು, ಬೇಡಪ್ಪ, ಅಂದಳು, ಅಮ್ಮನ ಕಡೆ ನೋಡಿದಳು, ಟೈ ಕಟ್ಟಿಕೊಂಡ ದಿನದಿಂದ ನೋಡದ ಹಾಗೆ ನೋಡಿದಳು. ಅವಳ ಕೈಯಡಿಯಿಂದ ಅಪ್ಪನ ಬೆರಳು ಮತ್ತೆ ಮೇಲೆದ್ದಿತು. ಎಲ್ಲರೂ ಮತ್ತೆ ನಕ್ಕರು, ಖುಷಿಯಿಂದ.

ಊಟ ಮಾಡಿದರು, ಹೊರಟರು, ಜೀಪಿನ ಧೂಳು ಹೂವಿನ ಮೇಲೆ ಕೂತಿತು. ರಶ್ಮಿತಾ ಸಂಜೆಯ ಬಸ್ಸಿಗೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ತಲೆ ಎತ್ತದೆ, ನಾಳೆಯಿಂದ ಕನ್ನಡದಲ್ಲಿ ಮಾಡ್ಸಮ್ಮ, ಅಂದಳು, ಆಮೇಲೆ, ನಿಂಗೆ ಇಂಗ್ಲಿಷ್ ಅಷ್ಟು ಚೆನ್ನಾಗಿ ಬರುತ್ತೆ ಅಂತ ನಂಗೆ ಗೊತ್ತಿರಲಿಲ್ಲ, ಅಂದಳು, ನೀನು ಲಾಫ್ಟರ್ ಅಂದದ್ದು ನಂಗೊಬ್ಬಳಿಗೆ ಕೇಳಿಸಿತು. ಆಯಿತು ಹೋಗಿ ಬಾ, ಅಂದಳು ಚಂದ್ರಿಕಾ, ಅವಳ ಬೆನ್ನು ಗೇಟು ದಾಟುವ ತನಕ ನಿಂತಿದ್ದಳು. ಬಂದು ಕೂತಳು. ನೀಲಿ ಶರಟು ಕೊರಳ ಹತ್ತಿರ ಒದ್ದೆಯಾಗಿದೆ, ಒರೆಸಬೇಕು, ಒರೆಸಲಿಲ್ಲ, ಇನ್ನೂ ಮುಗಿದಿಲ್ಲ, ಎಲ್ಲಿ ಮುಗಿಯಿತು, ಗೆದ್ದದ್ದು ನಾನೋ ಅವನೋ, ಇನ್ನೊಂದು ಪದ ಕೊಡಬೇಕು, ಹರಿತವಾದದ್ದು, ಯಾವುದು, ಬೆಡ್, ಬೆಡ್‌ಗೆ ಡೆಡ್, ಅರ್ಥ ಕೇಳಿದರೆ — ನನ್ನ ಕಡೆಗೆ ಅದೇ ಬೆರಳು. ಪ್ರೈಡ್, ಬ್ರೈಡ್, ಮದುಮಗಳು, ಅರ್ಥ — ಬೆರಳು. ಫೂಲ್, ಸ್ಕೂಲ್, ಬೇಡ. ಟಂಗ್, ನಾಲಿಗೆ, ಅದಕ್ಕೆ ಪ್ರಾಸ, ಅದಕ್ಕೆ — ಪದಗಳೆಲ್ಲ ಬಾಯಿಯ ತನಕ ಬಂದು ಒಂದೊಂದೇ ಹಿಂದಕ್ಕೆ ಹೋದವು, ಬೆಳಕು ಹಳದಿಯಾಯಿತು, ಅವನು ಕಾಯುತ್ತಿದ್ದ, ಪಾಠ ಶುರುವಾಗುವುದನ್ನು ಕಾಯುವವನ ಹಾಗೆ ನೆಟ್ಟಗೆ ಕೂತು ಅವಳ ಬಾಯನ್ನೇ ನೋಡುತ್ತಿದ್ದ, ಅವಳು ತುಟಿ ತೆರೆದಳು, ಇನ್ನೂ ಏನೂ ಹೇಳಿರಲಿಲ್ಲ, ತೊಡೆಯ ಮೇಲಿನ ಕೈ ಕದಲಿತು, ಆ ಬೆರಳು, ಮೇಲೆ, ಅವಳ ಕಡೆಗೆ, ಆ ಬೆರಳು —